ತಮಟೆ ಯಾವ ವಿಷಯ?

ಒಂದು ತಮಟೆಯನ್ನು ತಂದು ಶಾಲೆಯ ಮೇಜಿನ ಮೇಲಿಟ್ಟರೆ ಅದು ಯಾವ ವಿಷಯ? ವಿಜ್ಞಾನವೆ, ಗಣಿತವೆ, ಸಮಾಜವೆ, ಕನ್ನಡವೆ? ಅಥವಾ ಬರೀ ಚರ್ಮವೆ?

ಈ ಪ್ರಶ್ನೆಯನ್ನು ನಾವು ಪುಸ್ತಕದಿಂದ ಎತ್ತಿಕೊಂಡಿಲ್ಲ. ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕಣ್ಣ ಮುಂದೆ ನಡೆದದ್ದು. ಶಾಲೆಯ ಹೆಸರು ಬೇಡ. ಅಂಥ ಶಾಲೆ ಹೋಬಳಿಗೊಂದಿದೆ. ಒಂದರ ಹೆಸರು ಹೇಳಿದರೆ ಉಳಿದವು 'ಸದ್ಯ, ನಮ್ಮದಲ್ಲ' ಎಂದು ಉಸಿರು ಬಿಟ್ಟಾವು.

ಆ ವರ್ಷ ಎಲ್ಲರೂ ಒಂದೊಂದು ಪ್ರಾಜೆಕ್ಟು ಮಾಡಿ ತರಬೇಕು, ವಸ್ತುಪ್ರದರ್ಶನದಲ್ಲಿ ಇಡಬೇಕು, ಬಂದವರಿಗೆ ವಿವರಿಸಬೇಕು ಎಂದು ಹೇಳಿಕೆ ಬಂತು. "ನಿಂಗೆ ಗೊತ್ತಿರೋದನ್ನ ಅವನಿಗೆ ಹೇಳು, ಅವನಿಗೆ ಗೊತ್ತಿರೋದನ್ನ ನೀನು ಕಲಿ" ಅಂದರು ಮೇಷ್ಟ್ರು. ಒಳ್ಳೆಯ ಮಾತೇ. ಊರಿನ ಹುಡುಗರು ತಾಲ್ಲೂಕು ಪೇಟೆಗೆ ಹೋಗಿ ಥರ್ಮೊಕೋಲು, ಬಣ್ಣದ ಹಾಳೆ, ಗೋಂದು, ಸಣ್ಣ ಬಲ್ಬು ತಂದರು. ಅಡಿಗೆ ಸೋಡಾಕ್ಕೆ ನಿಂಬೆಹುಳಿ ಬಿಟ್ಟಾಗ ನೊರೆ ಉಕ್ಕುವ ಜ್ವಾಲಾಮುಖಿಗಳೇ ನಾಲ್ಕು ಎದ್ದವು. ಚಾರ್ಟು ಕೊಳ್ಳಲು ಕಾಸಿಲ್ಲದ ನಾವು ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಹೃದಯದ ಚಿತ್ರ ಬರೆದೆವು. ಮುಂದೆ ದೇವರು, ಹಿಂದೆ ಹೃದಯ.

ನಮ್ಮ ಕೇರಿಯ ಗೆಳೆಯನೊಬ್ಬ ಮಾತ್ರ ತಮಟೆ ತಂದ. ಅವನ ತಾತ ಕಟ್ಟಿದ್ದು. ಪಕ್ಕದಲ್ಲಿ ಒಂದು ಹಾಳೆ ಅಂಟಿಸಿ ತಾತನಿಂದ ಕೇಳಿ ತಿಳಿದದ್ದನ್ನೆಲ್ಲ ಬರೆದಿದ್ದ.

ಏನು ಬರೆದಿದ್ದ? ಚಪ್ಪಲಿಯ ಚರ್ಮಕ್ಕೆ ತಂಗಡಿ ಗಿಡದ ತೊಗಟೆ ಬೇಕು, ತಮಟೆಯ ಚರ್ಮಕ್ಕೆ ಬೇಡ ಅಂತ ಬರೆದಿದ್ದ. ತೊಗಟೆಯ ಒಗರು ಚರ್ಮಕ್ಕೆ ಹಿಡಿದರೆ ಅದು ಕೊಳೆಯುವುದಿಲ್ಲ, ಮೆತ್ತಗೂ ಆಗುತ್ತದೆ. ಆದರೆ ಮೆತ್ತಗಾದ ಚರ್ಮ ನುಡಿಯುವುದಿಲ್ಲ. ಅದಕ್ಕೇ ತಮಟೆಗೆ ಹಸಿ ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಕೆರೆದು, ಬಿಗಿದು ಒಣಗಿಸುವುದು. ಹದ ಮಾಡದ ಚರ್ಮವಾದ್ದರಿಂದ ಅದು ಗಾಳಿಯ ತೇವ ಕುಡಿದು ಸಡಿಲವಾಗುತ್ತದೆ. ಬಾರಿಸುವ ಮುಂಚೆ ಹುಲ್ಲಿಗೆ ಬೆಂಕಿ ಹಾಕಿ ಕಾಯಿಸುವುದು ಆ ತೇವ ತೆಗೆಯಲಿಕ್ಕೆ. ಕಾದರೆ ಚರ್ಮ ಬಿಗಿಯುತ್ತದೆ, ಬಿಗಿದರೆ ದನಿ ಏರುತ್ತದೆ.

ಬಳೆಯ ಲೆಕ್ಕ ತಾತನ ಮಾತಿನಲ್ಲೇ ಇತ್ತು: "ಒಂದು ಮೊಳ ಅಗ್ಲದ ಬಳೆ ಬೇಕಾ, ಮೂರು ಮೊಳದ ಮ್ಯಾಲೆ ಮೂರೂವರೆ ಬೆರಳು ಪಟ್ಟಿ ತಕಾ. ಬೆಸೆಯಾಕೆ ಬ್ಯಾರೆ." ಮೊಳಕ್ಕೆ 24 ಬೆರಳು. ಮೂರೂವರೆಯನ್ನು 24ರಿಂದ ಭಾಗಿಸಿ ಮೂರಕ್ಕೆ ಕೂಡಿ ನೋಡಿ, ವೃತ್ತದ ಪಾಠದ 3.14ರ ಮಗ್ಗುಲಿಗೇ ಬಂದು ಕೂರುತ್ತದೆ.

ಕೊನೆಗೆ, ಈ ತಮಟೆ ಎಲ್ಲೆಲ್ಲಿ ಬಾರಿಸಿದ್ದು ಎಂದು ಒಂದು ಪಟ್ಟಿ. ಜಾತ್ರೆಗೆ, ಸಾವಿಗೆ, ಊರಿಗೆ ಸಾರು ಹಾಕಲಿಕ್ಕೆ. ಕೂಲಿ ಎಷ್ಟು ಎಂಬುದರ ಮುಂದೆ ಒಂದು ಗೀಟು ಎಳೆದಿದ್ದ. ಅಷ್ಟೆ.

ಮೇಷ್ಟ್ರುಗಳು ಒಬ್ಬೊಬ್ಬರೇ ಬಂದರು. ವಿಜ್ಞಾನದವರು, "ಇದು ಸಂಗೀತ ಕಣೋ, ವಿಜ್ಞಾನ ಎಲ್ಲಿದೆ?" ಅಂದರು. ಗಣಿತದವರು, "ಮೊಳ ಬೆರಳು ಪರೀಕ್ಷೇಲಿ ಬರಲ್ಲ" ಅಂದರು. ಕನ್ನಡದವರು, "ಜಾನಪದ, ಭೇಷ್! ಆದ್ರೆ ಇದು ವಿಜ್ಞಾನದ ಪ್ರದರ್ಶನ ಅಲ್ವೇನಪ್ಪ" ಅಂದರು. ಸಮಾಜದವರು ಆ ಗೀಟನ್ನು ನೋಡಿ, "ಹಳೇದೆಲ್ಲ ಯಾಕೆ ಕೆದಕ್ತೀಯ?" ಅಂದು ಮುಂದೆ ಹೋದರು. ಅಷ್ಟರಲ್ಲಿ ಅತಿಥಿಗಳ ಜೀಪು ಬರುವ ಹೊತ್ತಾಯಿತು. ಒಳಗಿನಿಂದ ದೊಡ್ಡ ಮೇಷ್ಟ್ರು ಕೂಗಿದರು. "ತಮಟೆ ತಂದವನು ಎಲ್ಲಿ? ಗೇಟಿನ ಹತ್ರ ಬಂದು ನಾಲ್ಕು ಬಾರಿಸಲಿ."

ತಮಟೆ ಮೇಜಿನಿಂದ ಇಳಿಯಿತು. ಗೆಳೆಯನ ಹೆಗಲಿಗೆ ಏರಿತು. ಅವನು ಬಾರಿಸಿದ. ಚೆನ್ನಾಗಿಯೇ ಬಾರಿಸಿದ. ಊರಿನ ಹುಡುಗರು ಕುಣಿದರು. ಇಲ್ಲಿ ನಾವು ಸುಳ್ಳು ಬರೆಯಬಾರದು: ನಾವೂ ಕುಣಿದೆವು. ಕುಣಿಯದೆ ನಿಂತರೆ ನಾವೂ ಅದೇ ಕೇರಿಯವರೆಂದು ಗೊತ್ತಾಗುತ್ತದಲ್ಲ ಎಂಬ ಭಯಕ್ಕೆ ಕುಣಿದೆವು. ಅದು ಎಲ್ಲರಿಗೂ ಗೊತ್ತೇ ಇತ್ತು.

ಮೇಜಿನಿಂದ ಗೇಟಿಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯಲ್ಲಿ ಏನು ನಡೆಯಿತು ಎಂಬುದೇ ಈ ಬರಹದ ಪ್ರಶ್ನೆ. ಮೇಜಿನ ಬಳಿ ನಮ್ಮ ಗೆಳೆಯ ತಿಳಿದವನಾಗಿದ್ದ. ಗೇಟಿನ ಬಳಿ ತಮಟೆಯವನಾದ. ಹಂಚಿಕೊಳ್ಳಲು ಬಂದವನಿಂದ ಕಸಿದುಕೊಂಡೆವು, ಕಸಿದುಕೊಂಡು ಅದಕ್ಕೆ ಚಪ್ಪಾಳೆ ತಟ್ಟಿದೆವು.

*

ಮೊದಲು ವಿಷಯಗಳ ಗೋಡೆಯ ಮಾತು. ಶಾಲೆಯಲ್ಲಿ ಗಂಟೆ ಹೊಡೆದರೆ ಗಣಿತ ಹೊರಕ್ಕೆ, ವಿಜ್ಞಾನ ಒಳಕ್ಕೆ. ಒಂದರ ಮೇಷ್ಟ್ರು ಇನ್ನೊಂದರ ಪೀರಿಯಡ್ಡಿಗೆ ಕಾಲಿಡುವುದಿಲ್ಲ. ನಮಗೆ ಇದು ಹೊಸದಾಗಿ ಕಾಣಲಿಲ್ಲ. ನಮ್ಮೂರೂ ಹಾಗೇ ಇದೆ. ಬೀದಿಗೊಂದು ಕುಲ, ಕುಲಕ್ಕೊಂದು ಬಾವಿ, ನಡುವೆ ಯಾರೂ ಬರೆಯದ ಗೆರೆ.

ಆದರೆ ತಾತನ ಕೈಯಲ್ಲಿ ಆ ಗೆರೆಗಳಿರಲಿಲ್ಲ. ಸುಣ್ಣ, ಬಿಗಿತ, ಬಳೆಯ ಅಳತೆ, ದನಿ, ಸಾವಿನ ಮನೆಯ ಗತ್ತು, ಜಾತ್ರೆಯ ಗತ್ತು, ಎಲ್ಲವೂ ಒಂದೇ ಕೈಯಲ್ಲಿ ಕೂಡಿಕೊಂಡಿದ್ದವು. ಬಿಗಿದ ತಂತಿಗಾಗಲಿ ತೆಳು ಪೊರೆಗಾಗಲಿ ಬಿಗಿತ ನಾಲ್ಕು ಪಟ್ಟಾದರೆ ಕಂಪನದ ಆವೃತ್ತಿ ಎರಡು ಪಟ್ಟಾಗುತ್ತದೆ ಎಂಬ ಸೂತ್ರ ನಮಗೆ ತಿಳಿದದ್ದು ಕಾಲೇಜು ಮೆಟ್ಟಿಲು ಹತ್ತಿದ ಮೇಲೆ. ತಾತನಿಗೆ ಸೂತ್ರ ಗೊತ್ತಿರಲಿಲ್ಲ, ನಿಜ. ಎಷ್ಟು ಕಾಯಿಸಿದರೆ ನುಡಿಯುತ್ತದೆ, ಎಷ್ಟಕ್ಕೆ ಸೀಳುತ್ತದೆ ಎಂಬುದು ಗೊತ್ತಿತ್ತು. ಅವನ ತಿಳಿವಿಗೆ ಸೂತ್ರ ಸೇರಿದ್ದರೆ ಅವನು ಏನಾಗುತ್ತಿದ್ದ? ಈ ದೇಶ ಅದನ್ನು ತಿಳಿಯುವ ಅವಕಾಶವನ್ನೇ ಕೊಡಲಿಲ್ಲ.

ವಿಷಯದ ಗೋಡೆಗೂ ಜಾತಿಯ ಗೋಡೆಗೂ ಸಂಬಂಧ ಕಟ್ಟುವುದು ಕವಿಯ ಅತಿಮಾತು ಎಂದು ಯಾರಾದರೂ ಅನ್ನಬಹುದು. ಅವರು ಬಾಬಾಸಾಹೇಬರ ವಿದ್ಯಾರ್ಥಿ ಜೀವನ ನೋಡಲಿ. ಹುಡುಗ ಭೀಮರಾವ್ ಸಂಸ್ಕೃತ ಕಲಿಯಬೇಕೆಂದಿದ್ದ. ಅಸ್ಪೃಶ್ಯನಿಗೆ ಸಂಸ್ಕೃತ ಸಿಗಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಒಂದು ಪಠ್ಯವಿಷಯದ ಬಾಗಿಲಲ್ಲೇ ಮನು ಕುಳಿತಿದ್ದ. ಮುಂಬಯಿಯ ಶಾಲೆಯಲ್ಲಿ ಲೆಕ್ಕ ಬಿಡಿಸಲು ಅವನನ್ನು ಕರಿಹಲಗೆಗೆ ಕರೆದಾಗ, ಹಲಗೆಯ ಹಿಂದೆ ಇಟ್ಟಿದ್ದ ತಮ್ಮ ಬುತ್ತಿಗಳು ಮೈಲಿಗೆಯಾದಾವೆಂದು ಸವರ್ಣೀಯ ಹುಡುಗರು ಓಡಿಹೋಗಿ ಎತ್ತಿಕೊಂಡರೆಂದು ಚರಿತ್ರೆಕಾರರು ಬರೆಯುತ್ತಾರೆ. ಗಣಿತದ ಹಲಗೆಗೂ ಅನ್ನದ ಡಬ್ಬಿಗೂ ನಡುವೆ ಇದ್ದದ್ದು ಒಂದು ಮರದ ಹಲಗೆಯಷ್ಟೇ ದಪ್ಪ.

ಅದೇ ಹುಡುಗ ಮುಂದೆ ಏನು ಮಾಡಿದ? ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ, 1916ರ ಮೇ 9ರಂದು, ಮಾನವಶಾಸ್ತ್ರದ ಸೆಮಿನಾರಿಗೆ ಹೋಗಿ ಭಾರತದ ಜಾತಿಗಳ ಬಗ್ಗೆ ತನ್ನ ಪ್ರಬಂಧ ಓದಿದ. ಆಗ ಅವನಿಗೆ 25 ವರ್ಷ. ಜಾತಿಯ ಜೀವಾಳ ಒಳಮದುವೆಯಲ್ಲಿದೆ ಎಂದು ತೋರಿಸಲು ಅವನು ಬಳಸಿದ್ದು ಹೆಚ್ಚೂಕಡಿಮೆ ಒಂದು ಲೆಕ್ಕವನ್ನೇ. ಒಂದು ಗುಂಪು ತನ್ನೊಳಗೇ ಮದುವೆಯಾಗಬೇಕಾದರೆ ಗಂಡು ಹೆಣ್ಣಿನ ಸಂಖ್ಯೆ ಸರಿದೂಗಬೇಕು. ಗಂಡ ಸತ್ತರೆ ಹೆಣ್ಣು ಹೆಚ್ಚಾಗುತ್ತಾಳೆ. ಆ ಹೆಚ್ಚಾದವಳನ್ನು ಸುಡು, ಇಲ್ಲವೆ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸು. ಹೆಂಡತಿ ಸತ್ತ ಗಂಡಸಿಗೆ ಎಳೇ ಹುಡುಗಿಯನ್ನು ತಂದು ಕಟ್ಟು. ಸತಿ, ವೈಧವ್ಯ, ಬಾಲ್ಯವಿವಾಹ, ಮೂರೂ ಈ ಲೆಕ್ಕ ಸರಿದೂಗಿಸುವ ಉಪಾಯಗಳು. ಅರ್ಥಶಾಸ್ತ್ರಿಯ ಕಣ್ಣು, ಮಾನವಶಾಸ್ತ್ರದ ಕೋಣೆ, ಲೆಕ್ಕದ ದಾರಿ, ಉಂಡ ಅವಮಾನದ ನೆನಪು. ಒಂದು ವಿಷಯದ ಗೋಡೆಯೊಳಗೇ ಕುಳಿತಿದ್ದರೆ ಆ ಪ್ರಬಂಧ ಹುಟ್ಟುತ್ತಿರಲಿಲ್ಲ. ಗೆಳೆಯರೆ, ಅದೂ ಒಬ್ಬ ವಿದ್ಯಾರ್ಥಿ ತನ್ನ ಓದನ್ನು ಹಂಚಿಕೊಂಡದ್ದೇ.

*

ಹಾಗಾದರೆ ಉತ್ತರ ಸುಲಭ ಎನಿಸುತ್ತದೆ. ಗೋಡೆ ಒಡೆಯಿರಿ, ಕಸುಬನ್ನು ಶಾಲೆಗೆ ತನ್ನಿ, ಕೈಯಿಂದ ಕಲಿಸಿ. ಈ ಮಾತನ್ನು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಹೇಳಿದರು. ನೂಲುವುದು, ನೇಯುವುದು ಮುಂತಾದ ಕೈಕಸುಬಿನ ಸುತ್ತ ಎಲ್ಲ ವಿಷಯಗಳನ್ನೂ ಹೆಣೆದು ಕಲಿಸಬೇಕು ಎಂಬುದು ನಯೀ ತಾಲೀಮಿನ ತಿರುಳು. ಕೈಯನ್ನು ಶಾಲೆಯೊಳಕ್ಕೆ ಕರೆದ ಆ ವಿಚಾರಕ್ಕೆ ನಾವು ಗೌರವ ಕೊಡುತ್ತೇವೆ. ಆದರೆ ಯಾರ ಮಗ ಯಾವ ಕಸುಬನ್ನು ಮುಟ್ಟುತ್ತಾನೆ ಎಂಬಲ್ಲಿ ನಮ್ಮ ಅನುಮಾನ ಹುಟ್ಟುತ್ತದೆ.

ಅನುಮಾನಕ್ಕೆ ಚರಿತ್ರೆಯ ಸಾಕ್ಷಿ ಇದೆ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆ ತಂದರು. ಇಂದಿನ ನಮ್ಮ ದಕ್ಷಿಣ ಕನ್ನಡವೂ ಆಗ ಆ ರಾಜ್ಯದಲ್ಲೇ ಇತ್ತು. ಮಗು ಅರ್ಧ ಹೊತ್ತು ಶಾಲೆಯಲ್ಲಿರಲಿ, ಉಳಿದ ಹೊತ್ತು ಮನೆಯವರ ಕಸುಬು ಕಲಿಯಲಿ ಎಂಬುದು ಅದರ ಹೂರಣ. ಕೇಳಲು ಎಷ್ಟು ಚಂದ! ಪೆರಿಯಾರರೂ ಅವರ ಚಳವಳಿಯವರೂ ಅದನ್ನು ಕುಲಕಸುಬಿನ ಶಿಕ್ಷಣ ಎಂದು ಕರೆದು ಬೀದಿಗಿಳಿದರು. ಕ್ಷೌರಿಕನ ಮಗ ಮಧ್ಯಾಹ್ನ ಕತ್ತಿ ಮಸೆಯುತ್ತಾನೆ, ವಕೀಲನ ಮಗ ಮಧ್ಯಾಹ್ನ ಏನು ಮಾಡುತ್ತಾನೆ? ಈ ಪ್ರಶ್ನೆಗೆ ಯೋಜನೆಯಲ್ಲಿ ಉತ್ತರವಿರಲಿಲ್ಲ. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ನಂತರ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು.

ಜಾತಿ ಎಂಬುದು ಬರೀ ಕೆಲಸದ ಹಂಚಿಕೆಯಲ್ಲ, ಕೆಲಸಗಾರರನ್ನೇ ಒಡೆದು ಒಬ್ಬರ ಮೇಲೊಬ್ಬರನ್ನು ಪೇರಿಸುವ ಏರ್ಪಾಡು ಎಂದು ಬಾಬಾಸಾಹೇಬರು 1936ರಲ್ಲೇ ಹೇಳಿದ್ದರು. ಅದನ್ನು ಮರೆತು ಕಸುಬನ್ನು ಶಾಲೆಗೆ ತಂದರೆ ಕಸುಬಿನ ಜೊತೆಗೆ ಅದರ ಹಗ್ಗವೂ ಬರುತ್ತದೆ. ಇವತ್ತಿಗೂ ಒಳ್ಳೆಯ ಮನಸ್ಸಿನ ಮೇಷ್ಟ್ರು, "ನಿಮ್ಮ ಮನೆಯ ಕಸುಬಿನ ಬಗ್ಗೆ ಬರ್ಕೊಂಡು ಬನ್ನಿ" ಎಂದು ಪ್ರಾಜೆಕ್ಟು ಕೊಡುತ್ತಾರೆ. ಅಂಗಡಿಯವರ ಮಗಳು ನಗುತ್ತಾ ಬರೆಯುತ್ತಾಳೆ. ಚರಂಡಿಗಿಳಿಯುವ ಅಪ್ಪನ ಮಗ ಏನು ಬರೆಯಬೇಕು? ನಮ್ಮಲ್ಲೊಬ್ಬ 'ವ್ಯವಸಾಯ' ಎಂದು ಬರೆದ. ಅವರಿಗೆ ಅಂಗೈಯಗಲ ಭೂಮಿ ಇರಲಿಲ್ಲ. ಮಗುವಿಗೆ ಸುಳ್ಳು ಹೇಳಲು ಕಲಿಸಿದ ಆ ಪ್ರಾಜೆಕ್ಟಿಗೆ ಯಾವ ವಿಷಯದಲ್ಲಿ ಅಂಕ ಕೊಡಬೇಕು?

*

ಈಗ ನಮ್ಮ ಮಾತಿನ ಗಂಟಿಗೆ ಬರುತ್ತೇವೆ. ಹಂಚಿಕೊಳ್ಳುವುದು ಎಂದರೇನು?

ನಮ್ಮ ಹಿರಿಯರು ತಿಳಿದದ್ದನ್ನೂ ದುಡಿದದ್ದನ್ನೂ ಊರಿಗೆ ಕೊಡುತ್ತಲೇ ಬಂದವರು. ಸತ್ತ ದನ ಎತ್ತಿದರು, ಮಿಣಿ ಹೊಸೆದರು, ಮೆಟ್ಟು ಹೊಲಿದರು, ಸಾರು ಹಾಕಿದರು. ಅದನ್ನು ಯಾರೂ ಹಂಚಿಕೆ ಅನ್ನಲಿಲ್ಲ. ಅದಕ್ಕೆ ಇದ್ದ ಹೆಸರು ಬಿಟ್ಟಿ. ಯಾಕೆಂದರೆ ಕೊಡುವುದಿಲ್ಲ ಅನ್ನುವ ಹಕ್ಕು ಅವರಿಗಿರಲಿಲ್ಲ. ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯದ ಚಾಕರಿಗಳನ್ನು 1961ರ ಕಾಯಿದೆ ರದ್ದು ಮಾಡಿತು. ಕಾಗದದಲ್ಲಿ ಹೋದದ್ದು ಅಷ್ಟು ಬೇಗ ಕಣ್ಣಿನಿಂದ ಹೋಗುವುದಿಲ್ಲ. ನಮ್ಮ ಗೆಳೆಯನನ್ನು ಗೇಟಿಗೆ ಕರೆದಾಗ ದೊಡ್ಡ ಮೇಷ್ಟ್ರ ಕಣ್ಣಲ್ಲಿದ್ದದ್ದು ಆ ಹಳೇ ಚಾಕರಿಯೇ.

ಆದ್ದರಿಂದ ನಾವು ಹೇಳುವುದು ಇಷ್ಟು. ಕೊಡದಿರುವ ಹಕ್ಕು ಇದ್ದವನು ಮಾತ್ರ ಹಂಚಿಕೊಳ್ಳಬಲ್ಲ. ಇಲ್ಲ ಅನ್ನಲಾಗದವನಿಂದ ತೆಗೆದುಕೊಂಡದ್ದು, ಅದು ಧಾನ್ಯವಾಗಲಿ, ದುಡಿಮೆಯಾಗಲಿ, ತಿಳಿವಾಗಲಿ, ಬಿಟ್ಟಿಯೇ. ತೆಗೆದುಕೊಂಡವನು ಋಣ ಒಪ್ಪಿಕೊಳ್ಳಬೇಕು ಎಂಬುದು ಇದರ ಇನ್ನೊಂದು ಮಗ್ಗುಲು. ಮೇಜಿನ ಬಳಿ ನಿಂತು 'ಇದು ನನಗೆ ಗೊತ್ತಿರಲಿಲ್ಲ, ನಿನ್ನಿಂದ ಕಲಿತೆ' ಅನ್ನುವ ಒಬ್ಬ ಮೇಷ್ಟ್ರು ಸಾಕಿತ್ತು. ತಮಟೆ ಗೇಟಿಗೆ ಹೋಗುತ್ತಿರಲಿಲ್ಲ.

ತಾನಾಗಿ ಹಂಚಿಕೊಂಡ ಮಗುವಿನ ದನಿ ಹೇಗಿರುತ್ತದೆ ಎಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷಿ ಇದೆ. ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1848ರಿಂದ ತೆರೆದ ಶಾಲೆಗಳಲ್ಲೊಂದರಲ್ಲಿ ಮುಕ್ತಾಬಾಯಿ ಎಂಬ ಮಾಂಗ ಜಾತಿಯ ಹುಡುಗಿ ಓದುತ್ತಿದ್ದಳು. ಮಹಾರ್ ಮತ್ತು ಮಾಂಗರ ದುಃಖದ ಬಗ್ಗೆ ಅವಳು ಬರೆದ ನಿಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ಓದುವ ಹಕ್ಕು ನಮಗಿಲ್ಲವಾದರೆ ನಮ್ಮ ಧರ್ಮ ಯಾವುದು ಎಂದು ಆ ಎಳೆಯಳು ಕೇಳಿದಳು. ತನ್ನ ಜನರ ಬಾಳನ್ನೇ ಬರೆದಳು, ಆದರೆ ಯಾರಿಗೂ ಮನರಂಜನೆ ಕೊಡಲು ಬರೆಯಲಿಲ್ಲ. ತನ್ನ ಪ್ರಶ್ನೆಯ ಒಡತಿ ಅವಳೇ ಆಗಿದ್ದಳು. ಧರ್ಮ, ಸಮಾಜ, ಚರಿತ್ರೆ, ಭಾಷೆ ಎಲ್ಲ ಒಂದೇ ಶಾಲಾ ನಿಬಂಧದಲ್ಲಿ ಕೂಡಿದವು, ಯಾರ ಅಪ್ಪಣೆಯನ್ನೂ ಕೇಳದೆ. ನಮ್ಮ ಗೆಳೆಯನೂ ಕೂಲಿಯ ಮುಂದೆ ಗೀಟು ಎಳೆದಾಗ ಅಂಥದೇ ಪ್ರಶ್ನೆ ಕೇಳಿದ್ದ. ಓದುವ ಕಣ್ಣು ಅಲ್ಲಿರಲಿಲ್ಲ.

ಇಲ್ಲಿ ನಮ್ಮ ಸಂಗಾತಿಗಳಲ್ಲೇ ಎರಡು ಮಾತಿದೆ. ತಮಟೆ ಗುಲಾಮಗಿರಿಯ ಗುರುತು, ಬೆಂಕಿಗೆ ಹಾಕಿ ಎನ್ನುವವರು ಕೆಲವರು. ಎಷ್ಟೋ ಕೇರಿಗಳು ಸಾವಿಗೆ ಬಾರಿಸುವುದಿಲ್ಲವೆಂದು ಅದನ್ನು ಕೆಳಗಿಟ್ಟವು. ಅದು ನಮ್ಮ ದನಿ, ಎತ್ತಿ ಬಾರಿಸಿ ಎನ್ನುವವರು ಇನ್ನು ಕೆಲವರು. ಎಪ್ಪತ್ತು ಎಂಬತ್ತರ ದಶಕದ ಚಳವಳಿ ತಮಟೆಯನ್ನು ಮೆರವಣಿಗೆಯ ಮುಂದಕ್ಕೆ ತಂದಿತು. ನಮಗೆ ಇವೆರಡೂ ಒಂದೇ ಹಕ್ಕಿನ ಎರಡು ಮುಖವಾಗಿ ಕಾಣುತ್ತವೆ. ಬೇಡವೆಂದು ಕೆಳಗಿಟ್ಟವನೇ ಬೇಕೆಂದು ಎತ್ತಿಕೊಳ್ಳಬಲ್ಲ. ಇಡುವುದೂ ಎತ್ತುವುದೂ ಬೇರೆಯವರ ಅಪ್ಪಣೆಯಾಗಬಾರದು, ಅಷ್ಟೆ.

*

ಈ ಪತ್ರಿಕೆ ಓದುವ ಹಳ್ಳಿಯ ಮೇಷ್ಟ್ರುಗಳು ಕೇಳಬಹುದು: "ಅದೆಲ್ಲ ಸರಿ ಕಣ್ರಪ್ಪ, ನಾಳೆ ಬೆಳಿಗ್ಗೆ ಕ್ಲಾಸಿನಲ್ಲಿ ನಾವೇನು ಮಾಡ್ಬೇಕು?" ನ್ಯಾಯವಾದ ಪ್ರಶ್ನೆ.

ಮಗುವಿನ ಮನೆಯನ್ನು ಕೇಳಬೇಡಿ, ಊರನ್ನು ಕೇಳಿ. ನೀರಿನಿಂದಲೇ ಶುರು ಮಾಡಿ. ಊರಿನ ನಕ್ಷೆ ಬರೆದು ಕೊಳಾಯಿ, ಬೋರು, ಟ್ಯಾಂಕು ಎಲ್ಲೆಲ್ಲಿವೆ ಗುರುತು ಹಾಕಲಿ. ಯಾವ ಮನೆಯಿಂದ ಎಷ್ಟು ಹೆಜ್ಜೆ, ದಿನಕ್ಕೆ ಎಷ್ಟು ಕೊಡ, ಹೊರುವವರು ಗಂಡಸರೋ ಹೆಂಗಸರೋ, ಇದು ಗಣಿತ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಯಾಕೆ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಏನಾಗುತ್ತವೆ, ಇದು ವಿಜ್ಞಾನ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬೊಗಸೆ ನೀರಿಗೆ ಸಾವಿರಾರು ಜನ ಯಾಕೆ ನಡೆದು ಹೋದರು, ಇದು ಸಮಾಜ. ನೀರು ಹೊರುವ ಅವ್ವನ ಮಾತನ್ನು ಅವಳ ಬಾಯಿಂದ ಬಂದಂತೆಯೇ ಬರೆದುಕೊಳ್ಳುವುದು, ಇದು ಕನ್ನಡ. ನಾಲ್ಕು ವಿಷಯದ ಮೇಷ್ಟ್ರೂ ಒಂದೇ ನಕ್ಷೆಯ ಮುಂದೆ ಕೂರಬೇಕಾಗುತ್ತದೆ. ಗುಂಪು ಮಾಡುವಾಗ ಕೇರಿಯ ಮಗು, ಊರಿನ ಮಗು ಒಂದೇ ಗುಂಪಿನಲ್ಲಿರಲಿ. ಒಂದೇ ಕೊಡ ಹೊರಲಿ.

ತಮಟೆಯೂ ಬರಲಿ. ಆದರೆ ಮೇಷ್ಟ್ರು ತಾವೇ ದುಡ್ಡು ಕೊಟ್ಟು ಕೊಂಡು ತರಲಿ. ಕಟ್ಟಿದವರನ್ನು ಗೌರವದಿಂದ ಕರೆದು ಕುರ್ಚಿ ಹಾಕಿ ಕೂರಿಸಿ ಪಾಠ ಹೇಳಿಸಲಿ. ಗೌಡರ ಮಗನೂ ಭಟ್ಟರ ಮಗಳೂ ಚರ್ಮ ಮುಟ್ಟಿ, ಬೆಂಕಿಗೆ ಹಿಡಿದು, ಕಿವಿಗೊಟ್ಟು ದನಿ ಏರುವುದನ್ನು ಕೇಳಲಿ. ಕೇರಿಯ ಮಗುವಿನ ಕೈಗೆ ಅದೇ ದಿನ ಸೂಕ್ಷ್ಮದರ್ಶಕ ಸಿಗಲಿ. ಅಂಕಕ್ಕೆ ಥರ್ಮೊಕೋಲಿನ ಬೆಲೆ ಲೆಕ್ಕವಾಗದಿರಲಿ. ಇಲ್ಲದಿದ್ದರೆ ಅಪ್ಪನ ಜೇಬಿಗೆ ಕೊಟ್ಟ ಅಂಕವನ್ನು ಮಗನ ಹೆಸರಿನಲ್ಲಿ ಬರೆದಂತೆ. ಮತ್ತು, ಒಂದು ಮಗು 'ನಾನು ಹೇಳಲ್ಲ ಸಾ' ಎಂದರೆ ಅದನ್ನು ಸೋಮಾರಿತನವೆಂದು ತಿಳಿಯದಿರಿ. ಅದು ಅದರ ಮೊದಲ ಬಂಡಾಯ ಇರಬಹುದು.

ಕಡೆಯ ಮಾತು. ನಾವು ಇಂದು ಪದವೀಧರರು, ನಮ್ಮ ವಂಶದಲ್ಲೇ ಮೊದಲಿಗರು. ನಮ್ಮ ಹೆಸರಿನ ಮುಂದೆ ಎರಡಕ್ಷರ ಸೇರಿದ್ದಕ್ಕೆ ಅವ್ವ ಇಡೀ ಕೇರಿಗೆ ಬೆಲ್ಲ ಹಂಚಿದಳು. ಆದರೆ ಆ ದಿನ ಗೇಟಿನ ಬಳಿ ಕುಣಿದ ಕಾಲು ಇವೇ. ಈ ಬರಹ ಆ ಕಾಲಿನ ಲೆಕ್ಕಕ್ಕೂ ಸೇರಿದ್ದು.

ಮರುವರ್ಷವೂ ಪ್ರದರ್ಶನ ನಡೆಯಿತು. ನಮ್ಮ ಗೆಳೆಯ ಕೂಲಿಗೆ ಹೋಗಿ ದುಡ್ಡು ಕೂಡಿಸಿ, ಪೇಟೆಯಿಂದ ಥರ್ಮೊಕೋಲು ತಂದು ಜ್ವಾಲಾಮುಖಿ ಮಾಡಿದ. ಅಡಿಗೆ ಸೋಡಾ, ನಿಂಬೆಹುಳಿ. ನೊರೆ ಉಕ್ಕಿತು. ಇಪ್ಪತ್ತಕ್ಕೆ ಇಪ್ಪತ್ತು ಅಂಕ ಬಂತು. ಮೇಷ್ಟ್ರು ಬೆನ್ನು ತಟ್ಟಿ, "ಈಗ ಸರಿ ಹೋದೆ ನೋಡು" ಅಂದರು.

ಅವನು ಯಾರಿಗೂ ಏನನ್ನೂ ವಿವರಿಸಲಿಲ್ಲ. ನಾವೂ ಕೇಳಲಿಲ್ಲ. ತಾತ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಮೂರು ಮೊಳದ ಮೇಲೆ ಮೂರೂವರೆ ಬೆರಳು ಎಂಬ ಲೆಕ್ಕವನ್ನು ಬರೆದಿಟ್ಟ ಹಾಳೆ ಆ ಶಾಲೆಯ ಯಾವ ಬೀರುವಿನಲ್ಲೂ ಇಲ್ಲ.